ನಮ್ಮ ಎಂಜಲು ಲೋಟ ತೊಳೆಯೋರು ಯಾರು?

ಊರ ಹೋಟೆಲುಗಳಲ್ಲಿ ತೆಂಗಿನ ಚಿಪ್ಪು ಮಾಯವಾಗುತ್ತಿದೆ. ಸೂರಿನ ಗಳಕ್ಕೆ ಸಿಕ್ಕಿಸಿಟ್ಟಿರುತ್ತಿದ್ದ ಕೇರಿಯವರ ಸೊಟ್ಟ ಲೋಟವೂ ಅಪರೂಪವಾಗುತ್ತಿದೆ. ಇಷ್ಟನ್ನೇ ಬೆರಳು ಮಾಡಿ ತೋರಿಸಿ, "ಎಲ್ಲಾ ಸರಿಹೋಯ್ತಲ್ರಯ್ಯಾ, ಈಗೆಲ್ಲಿದೆ ಮಡಿ ಮೈಲಿಗೆ? ಇನ್ನೂ ಯಾಕೆ ಬಾಯಿ ಬಡ್ಕೊಳ್ತೀರಿ?" ಎಂದು ನಮ್ಮನ್ನು ಕೇಳುವ ಜನ ಹೆಚ್ಚಾಗಿದ್ದಾರೆ. ಇವರಲ್ಲಿ ಪಂಚಾಯ್ತಿ ಮೆಂಬರುಗಳಿದ್ದಾರೆ, ಪೊಲೀಸಿನವರಿದ್ದಾರೆ, ಓದಿದ ಮೇಷ್ಟ್ರುಗಳೂ ಇದ್ದಾರೆ. ಇವರೆಲ್ಲರಿಗೂ ನಾವು ಹಾಕುವ ಸವಾಲು ಒಂದೇ. ನಿಮ್ಮೂರಿನ ಹೋಟೆಲಿನಲ್ಲಿ ನಾವು ಕುಡಿದಿಟ್ಟ ಎಂಜಲು ಲೋಟ ತೊಳೆಯೋರು ಯಾರು? ಅಷ್ಟು ಹೇಳಿ ಸಾಕು.

ಎರಡು ಲೋಟದ ಪದ್ಧತಿ ಎಂದರೆ ಲೋಟ ಬೇರೆ ಎಂಬುದಷ್ಟೇ ಅಲ್ಲ. ಅದರ ಪೂರ್ತಿ ಕ್ರಮವನ್ನು ನೆನಪು ಮಾಡಿಕೊಳ್ಳಿ. ಕೇರಿಯವನು ಹೋಟೆಲಿನ ಹೊರಗೆ ನಿಂತು "ಬುದ್ಧೀ, ಒಂದ್ ಟೀ" ಎನ್ನಬೇಕು. ಸೂರಿನಿಂದ ತನ್ನ ಲೋಟ ತಾನೇ ತೆಗೆಯಬೇಕು. ಅದನ್ನು ತಾನೇ ತೊಳೆದು ನೆಲದ ಮೇಲೋ ಕಟ್ಟೆಯ ತುದಿಯಲ್ಲೋ ಇಡಬೇಕು. ಹೋಟೆಲಿನವನು ತಾಗದಂತೆ ಮೇಲಿಂದ ಹುಯ್ಯುತ್ತಾನೆ. ನೀರು ಬೇಕೆಂದರೆ ಬೊಗಸೆಯೊಡ್ಡಬೇಕು. ಕುಡಿದಾದ ಮೇಲೆ ಕುಕ್ಕರುಗಾಲಲ್ಲಿ ಕೂತು ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಿ ಹೋಗಬೇಕು. ದುಡ್ಡು ಮಾತ್ರ ಪೂರ್ತಿ. ಬೆಂಚಿನ ಮೇಲೆ ಕೂತು ಕುಡಿದ ಗೌಡನಿಗೆ ಎಷ್ಟೋ ಹೊರಗೆ ನಿಂತು ಕುಡಿದವನಿಗೂ ಅಷ್ಟೇ. ದುಡ್ಡು ಕೊಟ್ಟ ಗಿರಾಕಿಯೇ ಪಾತ್ರೆ ತೊಳೆಯುವ ಆಳೂ ಆಗಬೇಕಾದ ಇಂಥ ವ್ಯಾಪಾರ ಇನ್ನೆಲ್ಲಿದೆ? ಒಂದು ಟೀಗೆ ನಾವು ದುಡ್ಡನ್ನೂ ಕೊಟ್ಟೆವು, ಬಿಟ್ಟಿ ಚಾಕರಿಯನ್ನೂ ಮಾಡಿದೆವು.

ಇಂಥ ಹೋಟೆಲಿನ ಗಲ್ಲಾ ಪೆಟ್ಟಿಗೆಯ ಮೇಲೆ ಒಂದು ಬೋರ್ಡು ತೂಗುತ್ತಿರುತ್ತದೆ: "ಗ್ರಾಹಕರೇ ನಮ್ಮ ದೇವರು". ಗುಡಿಯೊಳಗಿನ ದೇವರನ್ನು ನಾವು ಮುಟ್ಟಬಾರದು ಎಂದರು. ಹೋಟೆಲಿನಲ್ಲಿ ನಾವೇ ದೇವರಾದರೆ ಈ ದೇವರನ್ನು ಅವರು ಮುಟ್ಟುವುದಿಲ್ಲ! ನಮ್ಮ ಕಾಸಿಗೆ ಮಾತ್ರ ಎಂದೂ ಮೈಲಿಗೆಯಿರಲಿಲ್ಲ. ಹೆಚ್ಚೆಂದರೆ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಗಲ್ಲಾಕ್ಕೆ ಹಾಕಿಕೊಂಡರು. ಈಗ ಆ ನೀರಿನ ಖರ್ಚೂ ಉಳಿದಿದೆ. ಗೋಡೆಗೆ ಕ್ಯೂಆರ್ ಚೀಟಿ ಅಂಟಿಸಿದ್ದಾರೆ. ಮೊಬೈಲು ತೋರಿಸಿದರೆ ಕೈಗೆ ಕೈ ತಾಗದ ಹಾಗೆ ಕೇರಿಯ ದುಡ್ಡು ಊರಿನವನ ಖಾತೆ ಸೇರುತ್ತದೆ.

ದುಡ್ಡಿಗೆ ಮೊಬೈಲು ಬಂದ ಹಾಗೆ ಲೋಟಕ್ಕೆ ಪೇಪರ್ ಕಪ್ಪು ಬಂತು. ನಾವು ಇಲ್ಲಿ ಎಚ್ಚರವಾಗಿರಬೇಕು ಗೆಳೆಯರೇ. ಚಿಪ್ಪು ಹೋಗಿದ್ದು ಹೋಟೆಲಿನವರ ಮನಸ್ಸು ಬದಲಾಗಿದ್ದರಿಂದಲ್ಲ. ನಮ್ಮ ಸಂಘಟನೆಯ ಹುಡುಗರು ಹೋಗಿ ಕೇಳತೊಡಗಿದರು, ಕೇಸಿನ ಭಯ ಬಂತು, ಚಿಪ್ಪನ್ನು ಮುಚ್ಚಿಡಬೇಕಾಯಿತು. ಆಗ ಪೇಟೆಯಿಂದ ಬಳಸಿ ಬಿಸಾಡುವ ಕಪ್ಪು ಬಂತು. ಮೊದಲು ಪ್ಲಾಸ್ಟಿಕ್ಕು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕಪ್ಪನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಆ ನಿಷೇಧ ಬಂತು. ಈಗ ಪೇಪರಿನದು. ನಾವು ಕುಡಿದಾದ ಮೇಲೆ ತಿಪ್ಪೆಗೆ ಎಸೆದರೆ ಮುಗಿಯಿತು. ಹೋಟೆಲಿನವನು ನಮ್ಮ ಎಂಜಲು ಮುಟ್ಟುವ ಪ್ರಸಂಗವೇ ಇಲ್ಲ. ಅವನ ಜಾತಿಯೂ ಉಳಿಯಿತು, ವ್ಯಾಪಾರವೂ ಉಳಿಯಿತು, ಕೇಸೂ ಇಲ್ಲ. ಚಿಪ್ಪಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದರೆ ಅದು ಪೇಪರ್ ಕಪ್ಪು.

"ಏನ್ರಪ್ಪಾ ಇದು, ಕಾಯಿಲೆ ಕಸಾಲೆ ಕಾಲ. ಶುಚಿ ಇರಲಿ ಅಂತ ಪೇಪರ್ ಕಪ್ ಇಟ್ರೆ ಅದಕ್ಕೂ ಜಾತಿ ಬಣ್ಣ ಬಳೀತೀರಲ್ಲ" ಎನ್ನುವವರಿದ್ದಾರೆ. ಶುಚಿತ್ವ ಬೇಡ ಎಂದು ನಾವು ಹೇಳಿಲ್ಲ. ಎಲ್ಲರಿಗೂ ಪೇಪರ್ ಕಪ್ಪೇ ಆದರೆ ನಮಗೂ ಅದೇ ಇರಲಿ. ನಮ್ಮ ತಕರಾರು ಅದಲ್ಲ. ಒಂದು ಬೆಳಿಗ್ಗೆ ಹೋಟೆಲಿನೆದುರು ಅರ್ಧ ಗಂಟೆ ನಿಂತು ನೋಡಿ. ಗೌಡರು ಬಂದರೆ ಸ್ಟೀಲ್ ಲೋಟ ಅಥವಾ ಗಾಜಿನ ಲೋಟ. ಸೊಸೈಟಿ ಸೆಕ್ರೆಟರಿ ಬಂದರೆ ಸ್ಟೀಲ್ ಲೋಟ. ಗುರುತಿಲ್ಲದ ಪೇಟೆಯವನು ಬಂದರೂ ಗಾಜಿನ ಲೋಟ. ಕೇರಿಯ ಹುಡುಗ ಬಂದ ಕೂಡಲೆ, ಅವನು ಬಾಯಿ ಬಿಡುವುದಕ್ಕೂ ಮುಂಚೆ, ಪೇಪರ್ ಕಪ್ಪು! ಶುಚಿತ್ವ ಎಂಬುದು ಮುಖ ನೋಡಿ, ಅಪ್ಪನ ಹೆಸರು ನೋಡಿ, ಮನೆ ಯಾವ ದಿಕ್ಕಿಗಿದೆ ಎಂದು ನೋಡಿ ಬರುವುದಾದರೆ ಅದು ಶುಚಿತ್ವವಲ್ಲ, ಹಳೆಯ ಮೈಲಿಗೆಯೇ.

ಈ ಎಂಜಲಿನ ರಾಜಕೀಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಎಂಜಲು ಎಂದರೆ ಎಲ್ಲರದ್ದೂ ಎಂಜಲೇ ತಾನೆ? ಅಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಜನ ಉರುಳಾಡುವ ಮಡೆಸ್ನಾನವಿತ್ತು. ಉರುಳಿದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ. 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅದನ್ನು ಸೇರಿಸಬೇಕಾದರೆ ಎಷ್ಟು ವರ್ಷದ ಹೋರಾಟ, ಎಷ್ಟು ಗಲಾಟೆ! ಅವರ ಎಂಜಲಿಗೆ ರೋಗ ಕಳೆಯುವ ಶಕ್ತಿ, ನಮ್ಮ ಎಂಜಲಿಗೆ ಕುಲ ಕೆಡಿಸುವ ಶಕ್ತಿ. ಪೇಟೆಯ ದೊಡ್ಡ ಹೋಟೆಲುಗಳ ಹಿಂಬದಿಗೆ ಹೋಗಿ ನೋಡಿ. ಬೋಸಿಗಟ್ಟಲೆ ತಟ್ಟೆ ಲೋಟ ತೊಳೆಯುತ್ತ ನೀರಲ್ಲಿ ಕೈ ಬೆಳ್ಳಗೆ ಮಾಡಿಕೊಂಡು ನಿಂತವರಲ್ಲಿ ನಮ್ಮ ಅವ್ವಂದಿರು, ಅಕ್ಕಂದಿರು ಎಷ್ಟು ಜನ! ನಮ್ಮವರು ಅವರ ಎಂಜಲು ತೊಳೆದರೆ ಅದು ಕೂಲಿ. ಅವರು ನಮ್ಮ ಎಂಜಲು ತೊಳೆದರೆ ಕುಲ ಹೋಗುತ್ತದೆ. ಕೂಲಿಗೂ ಕುಲಕ್ಕೂ ಇರುವ ಈ ಸಂಬಂಧವೇ ಜಾತಿ.

ಅವರಿಗೆ ತೊಳೆಯುವುದು ಗೊತ್ತಿಲ್ಲವೆಂದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಗೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಸವರ್ಣೀಯರು ಏನು ಮಾಡಿದರು? ನಮ್ಮವರ ಮೇಲೆ ಬಿದ್ದು ಬಡಿದರು. ಆಮೇಲೆ ಕೆರೆಗೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಮಂತ್ರ ಹೇಳಿ ಶುದ್ಧಿ ಮಾಡಿದರು. ಇದು ಹಳೆಯ ಕಥೆ ಎನ್ನಬೇಡಿ. 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ ನಮ್ಮ ಹೆಣ್ಣುಮಗಳೊಬ್ಬಳು ಬಾಯಾರಿ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆಯ ನೀರನ್ನೆಲ್ಲ ಖಾಲಿ ಮಾಡಿ ಗಂಜಲದಿಂದ ತೊಳೆದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಮಹಾಡದಿಂದ ಹೆಗ್ಗೋಠಾರಕ್ಕೆ 95 ವರ್ಷ. ನಾವು ಕುಡಿದ ತೊಂಬೆಯನ್ನು ಗಂಜಲ ಹಾಕಿ ತೊಳೆಯಲು ಇವರಿಗೆ ಕೈಯಿದೆ, ಪುರಸೊತ್ತಿದೆ. ನಾವು ಕುಡಿದ ಲೋಟವನ್ನು ಬರೀ ನೀರಲ್ಲಿ ತೊಳೆಯಲು ಮಾತ್ರ ಕೈ ಬರುವುದಿಲ್ಲ. ಚಿಪ್ಪೂ ಪೂರ್ತಿ ಸತ್ತಿಲ್ಲ. ಗಡಿಯಾಚೆ ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಹೊಲದ ಕೂಲಿಗೆ ಹೋದ ದಲಿತ ಹೆಂಗಸರಿಗೆ ತೆಂಗಿನ ಚಿಪ್ಪಿನಲ್ಲಿ ಟೀ ಕೊಟ್ಟಿದ್ದು 2024ರಲ್ಲಿ.

ಕಾನೂನಿಲ್ಲವೇ? ಇದೆ, ಬೇಕಾದಷ್ಟಿದೆ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಮನರಂಜನೆಯ ಜಾಗ ಎಂದು ಬಿಡಿಸಿ ಬರೆದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟು ಬಿಗಿ ಮಾಡಿದರು. ಅದರ 4ನೇ ಕಲಮು ಹೋಟೆಲಿನೊಳಗೆ ಬಿಡದಿರುವುದನ್ನು ಮಾತ್ರವಲ್ಲ, ಹೋಟೆಲಿನ ಪಾತ್ರೆ ಮುಟ್ಟಗೊಡದಿರುವುದನ್ನೂ ಅಪರಾಧ ಎನ್ನುತ್ತದೆ. 6ನೇ ಕಲಮಿನಂತೆ ಇತರರಿಗೆ ಕೊಡುವ ರೀತಿಯಲ್ಲೇ ನಮಗೂ ಸರಕು ಕೊಡಬೇಕು, ಸೇವೆ ಮಾಡಬೇಕು. ಆ ಕಲಮಿನಡಿ ಶಿಕ್ಷೆಯಾದರೆ ಕೋರ್ಟು ಲೈಸೆನ್ಸನ್ನೇ ರದ್ದು ಮಾಡಬಹುದು ಎಂದು 8ನೇ ಕಲಮು ಹೇಳುತ್ತದೆ. 12ನೇ ಕಲಮನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಇಂಥ ಕೃತ್ಯ ನಮ್ಮವರ ವಿಷಯದಲ್ಲಿ ನಡೆದರೆ ಅದು ಅಸ್ಪೃಶ್ಯತೆಯಿಂದಲೇ ನಡೆದಿದ್ದು ಎಂದು ಕೋರ್ಟು ಭಾವಿಸಬೇಕು. ಅಲ್ಲ ಎಂದು ತೋರಿಸಬೇಕಾದವನು ಆರೋಪಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ ಅಂಗಡಿ ಪ್ರವೇಶವನ್ನೂ ಸಾರ್ವಜನಿಕ ಪಾತ್ರೆಯ ಬಳಕೆಯನ್ನೂ ಅಲ್ಲಿಗೂ ಸೇರಿಸಿದರು. ಶಿಕ್ಷೆ 6 ತಿಂಗಳಿಂದ 5 ವರ್ಷ.

ಇಷ್ಟೆಲ್ಲ ಇದ್ದೂ ಒಂದು ಲೋಟಕ್ಕಾಗಿ ಎಷ್ಟು ಹೋಟೆಲಿನ ಲೈಸೆನ್ಸು ರದ್ದಾಗಿದೆ, ನೀವೇ ನಿಮ್ಮ ತಾಲೂಕಿನಲ್ಲಿ ವಿಚಾರಿಸಿ. 2024ರ ಜುಲೈಯಲ್ಲಿ ಬೆಂಗಳೂರಿನ ಒಂದು ಮಾಲಿನಲ್ಲಿ ಪಂಚೆ ಉಟ್ಟ ರೈತನನ್ನು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲವಾಯಿತು. 7 ದಿನ ಮಾಲು ಮುಚ್ಚಿಸುವುದಾಗಿ ಸರ್ಕಾರ ಸಾರಿತು. ಒಳ್ಳೆಯದೇ. ರೈತನ ಪಂಚೆಗಾದ ಅವಮಾನ ನಮಗೂ ಆದ ಅವಮಾನ. ಆದರೆ ಕೇಳುತ್ತೇವೆ ಸ್ವಾಮೀ, ಪಂಚೆಗೆ 7 ದಿನವಾದರೆ ಚಿಪ್ಪಿಗೆ ಎಷ್ಟು ದಿನ? ನಾಡಿನ ಹಳ್ಳಿ ಹೋಟೆಲುಗಳಿಗೆ ಇದೇ ಲೆಕ್ಕ ಹಿಡಿದರೆ ಟೀ ಸಿಗುವ ಊರು ಎಷ್ಟು ಉಳಿದಾವು?

ಒಳಗೆ ಬಿಡಿ ಎಂದು ಕೇಳಿದರೆ ಏನಾಗುತ್ತದೆಂದು ಮರಕುಂಬಿ ತೋರಿಸಿತು. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲೂಕಿನ ಊರು. ಕ್ಷೌರದಂಗಡಿಗೆ ಬಿಡುವುದಿಲ್ಲ, ಹೋಟೆಲಿಗೆ ಬಿಡುವುದಿಲ್ಲ ಎಂಬುದನ್ನು ನಮ್ಮವರು ಪ್ರಶ್ನಿಸಿದ್ದರು. 2014ರ ಆಗಸ್ಟ್ 28ರಂದು ಗುಂಪು ಕೇರಿಗೆ ನುಗ್ಗಿ ಮನೆಗಳಿಗೆ ಬೆಂಕಿಯಿಟ್ಟಿತು. 10 ವರ್ಷ ಕಾದ ಮೇಲೆ 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ 5 ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಒಂದು ಲೋಟ ಟೀ, ಒಂದು ತಲೆ ಕ್ಷೌರ ಕೇಳಿದ್ದಕ್ಕೆ ಮನೆ ಉರಿದದ್ದು ಒಂದೇ ದಿನದಲ್ಲಿ. ನ್ಯಾಯ ಬಂದದ್ದು 10 ವರ್ಷಕ್ಕೆ. "ಒಂದು ಟೀಗೆ ಇಷ್ಟೊಂದು ರಂಪ ಯಾಕೆ?" ಎಂದು ನಮ್ಮನ್ನು ಕೇಳುತ್ತಾರೆ. ಈ ಪ್ರಶ್ನೆಯನ್ನು ಬೆಂಕಿ ಹಚ್ಚಿದವರಿಗೆ ಕೇಳಿ. ಬರೀ ಟೀ ಆಗಿದ್ದರೆ ಅವರು ಸೀಮೆಎಣ್ಣೆ ಹುಡುಕಿಕೊಂಡು ಹೋಗುತ್ತಿದ್ದರೇ?

ಇನ್ನು ಕೆಲವರ ಮಾತು: "ಬಾರಿಗೆ ಹೋಗಿ ನೋಡಿ, ಅಲ್ಲಿ ಜಾತಿ ಎಲ್ಲಿದೆ? ಎಲ್ಲಾ ಒಂದೇ ಟೇಬಲ್ಲು." ಹೌದು, ನೋಡೋಣ. ಬೆಳಿಗ್ಗೆ ತನ್ನೂರಿನ ಹೋಟೆಲಿನಲ್ಲಿ ನಮ್ಮ ನೆರಳು ತಾಕಿದರೆ ಮುಖ ಸಿಂಡರಿಸುವ ಮನುಷ್ಯ, ಕತ್ತಲಾದ ಮೇಲೆ ಹೋಬಳಿ ಊರಿನ ಬಾರಿನಲ್ಲಿ, ಹಿಂದೆ ಯಾರು ಕುಡಿದಿಟ್ಟರೋ ಗೊತ್ತಿಲ್ಲದ ಗ್ಲಾಸನ್ನು ತುಟಿಗಿಡುತ್ತಾನೆ. ಅವನ ಹಲ್ಲು ಉದುರುವುದಿಲ್ಲ, ಅವನ ಮನೆದೇವರು ಮುನಿಯುವುದಿಲ್ಲ. ಹಾಗಾದರೆ ಮೈಲಿಗೆ ಎಂಬುದು ದೇವರ ಕಟ್ಟಳೆಯಲ್ಲ. ಊರಿನ ಕಣ್ಣಿದ್ದ ಕಡೆ ಹಾಕಿಕೊಳ್ಳುವ ವೇಷ, ಇಲ್ಲದ ಕಡೆ ಕಳಚಿಡುವ ವೇಷ ಎಂದಾಯಿತಲ್ಲ? ಅವರ ಸೋಗಲಾಡಿತನವನ್ನು ಬಯಲು ಮಾಡಲು ಬಾರಿನ ಆ ಒಂದು ಗ್ಲಾಸು ಸಾಕು.

ಹಾಗೆಂದು ಬಾರನ್ನು ಸಮಾನತೆಯ ಗುಡಿ ಎಂದು ನಾವು ಒಪ್ಪುವುದಿಲ್ಲ. ಅಲ್ಲಿ ಗ್ಲಾಸು ತೊಳೆಯುವ ಹುಡುಗ ಕೂಡ ನಮ್ಮಂಥವರ ಮನೆಯಿಂದ ಶಾಲೆ ಬಿಟ್ಟು ಬಂದವನೇ. ಎಂಜಲು ತೊಳೆಯುವ ಕೈ ಅಲ್ಲಿಯೂ ಬದಲಾಗಿಲ್ಲ. ನಮ್ಮ ಕೂಲಿ ಹೋಗಿ ಬೀಳುವ ಗುಂಡಿಯ ಬಾಯಿಗೆ ಯಾವ ಅಡ್ಡಿಯನ್ನೂ ಇಡುವುದಿಲ್ಲ, ಅಷ್ಟೇ. ಸಾರಾಯಿ ಇದ್ದಾಗ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಕುಡಿಸಿದರು, ಲೋಟವೇ ಬೇಕಿರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಈಗ ಅದೇ ಜನಕ್ಕೆ ಟೆಟ್ರಾ ಪ್ಯಾಕಿನ ಅಗ್ಗದ ವಿಸ್ಕಿ. ಅದಕ್ಕೂ ಲೋಟ ಬೇಡ. 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಮದ್ಯಪಾನ ತಡೆಯಲು ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ, ಅಸ್ಪೃಶ್ಯತೆ ಅಳಿಸಬೇಕೆಂದು 17ನೇ ವಿಧಿ ಹೇಳುತ್ತದೆ. ಕುಡಿಸುವುದಕ್ಕೆ ವರ್ಷಾವರ್ಷ ಟಾರ್ಗೆಟ್ಟು ಇದೆ. ಇಂತಿಷ್ಟು ಊರಿನ ಹೋಟೆಲಿನಲ್ಲಿ ಒಂದೇ ಲೋಟ ಆಗಬೇಕು ಎಂದು ಯಾವ ತಹಸೀಲ್ದಾರನಿಗೂ ಟಾರ್ಗೆಟ್ಟು ಕೊಟ್ಟದ್ದನ್ನು ನಾವು ಕೇಳಿಲ್ಲ. ಕೇರಿಯವನು ಹೊರಗೆ ನಿಂತು ಟೀ ಕುಡಿಯಲಿ, ಒಳಗೆ ಕೂತು ವಿಸ್ಕಿ ಕುಡಿಯಲಿ! ಇಂಥ ಸಮಾನತೆಗೆ ನಮ್ಮ ಧಿಕ್ಕಾರ.

ಹಳ್ಳಿ ಹೀಗಾಯಿತು, ಪಟ್ಟಣವಾದರೂ ಶುದ್ಧವೇ ಎಂದರೆ ಅಲ್ಲಿ ಆ 'ಶುದ್ಧ' ಎಂಬ ಮಾತೇ ಬೋರ್ಡಾಗಿ ಕೂತಿದೆ. ಶುದ್ಧ ಸಸ್ಯಾಹಾರಿ, ಪ್ಯೂರ್ ವೆಜ್. ಸೊಪ್ಪು ತಿನ್ನುವವನು ಸೊಪ್ಪು ತಿನ್ನಲಿ, ನಮ್ಮದೇನೂ ಅಭ್ಯಂತರವಿಲ್ಲ. ಅದರ ಹಿಂದೆ 'ಶುದ್ಧ' ಸೇರಿಸಿದ್ದು ಯಾಕೆ? ಹಾಗಾದರೆ ನಮ್ಮ ಬಾಡು ಅಶುದ್ಧವೇ? ಅದನ್ನು ಬೇಯಿಸಿದ ನಮ್ಮವ್ವನ ಕೈ ಅಶುದ್ಧವೇ? 2024ರ ಮಾರ್ಚಿನಲ್ಲಿ ಝೊಮ್ಯಾಟೋ ಕಂಪನಿ ಸಸ್ಯಾಹಾರದ ಊಟ ಒಯ್ಯಲು ಹಸಿರು ಅಂಗಿಯ ಬೇರೆ ಪಡೆಯನ್ನೇ ಸಾರಿತು. ಜನ ಉಗಿದ ಮೇಲೆ ಮಾರನೇ ದಿನ ಹಸಿರು ಅಂಗಿಯನ್ನು ಹಿಂತೆಗೆದುಕೊಂಡು, ಬೇರೆ ಪಡೆಯನ್ನು ಉಳಿಸಿಕೊಂಡಿತು. ಇದೇ ಹೊಸ ಚಿಪ್ಪು. ಇನ್ನೊಂದು ಲೆಕ್ಕ ಹಾಕಿ. ಜಾತಿಯ ಹೆಸರು ಹೊತ್ತ ಬೋರ್ಡುಗಳು ಬೀದಿ ತುಂಬ ಇವೆ. ಬ್ರಾಹ್ಮಣರ ಹೋಟೆಲು, ಅಯ್ಯಂಗಾರ್ ಬೇಕರಿ, ಲಿಂಗಾಯತರ ಖಾನಾವಳಿ, ಗೌಡ್ರ ಮಿಲ್ಟ್ರಿ ಹೋಟೆಲು. ಅಲ್ಲಿ ಜಾತಿ ರುಚಿಯ ಗ್ಯಾರಂಟಿ. ಹೊಲೇರ ಹೋಟ್ಲು, ಮಾದಿಗರ ಖಾನಾವಳಿ ಎಂದು ಬೋರ್ಡು ಬರೆಸಿ ಅದೇ ಬೀದಿಯಲ್ಲಿ ಒಂದು ವಾರ ವ್ಯಾಪಾರ ಮಾಡಿ ತೋರಿಸಿ, ಆಮೇಲೆ ಜಾತಿ ಹೋಯಿತೆಂದು ಹೇಳಿ.

"ನಿಮ್ಮೋರೇ ಒಳಗೆ ಬರಲ್ಲ ಕಣ್ರೀ, ನಾವೇನ್ ಬ್ಯಾಡ ಅಂತೀವಾ?" ಇದು ಕೊನೆಯ ಅಸ್ತ್ರ. ನಮ್ಮವರು ಯಾಕೆ ಬರುವುದಿಲ್ಲ? ಆ ಬೆಂಚಿನ ಮೇಲೆ ಕೂತವನ ಹೊಲದಲ್ಲಿ ನಾಳೆ ಕೂಲಿ ಇದೆ. ಅವನ ಹತ್ತಿರ ಮಗಳ ಮದುವೆಗೆ ತಂದ ಸಾಲ ಇದೆ. ಹಸುವಿಗೆ ಹುಲ್ಲು ಕೊಯ್ಯುವುದು ಅವನ ಬದುವಿನಲ್ಲಿ. ಬೆಂಚಿಗೆ ಬೆನ್ನು ತಾಕಿದ ಮಾರನೇ ದಿನ ಕೂಲಿ ಇಲ್ಲ, ಹುಲ್ಲಿಲ್ಲ, ಅಂಗಡಿಯಲ್ಲಿ ಉಪ್ಪು ಇಲ್ಲ. ನಮಗೆ ಒಳಗೆ ಕೊಡುವುದಕ್ಕಿಂತ ಮೇಲೆಂದು ಹೋಟೆಲಿಗೇ ಬೀಗ ಜಡಿದು ಕೂತ ಊರುಗಳೂ ಇವೆ. ಲೋಟದ ಪ್ರಶ್ನೆ ಭೂಮಿಯ ಪ್ರಶ್ನೆಯೂ ಹೌದು ಎಂದು ನಾವು ಹೇಳುವುದು ಇದಕ್ಕೇ. ಕೈಯಲ್ಲಿ ಎರಡೆಕರೆ ಇದ್ದವನು ಬೆಂಚಿನ ಮೇಲೆ ಕೂರಲು ಯಾರ ಅಪ್ಪಣೆಗೂ ಕಾಯುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನಿಮಗೆ ಒಂದು ಮಾತು. ನಿಮಗೆ ಆ ಹೋಟೆಲಿನಲ್ಲಿ ಸ್ಟೀಲ್ ಲೋಟ ಸಿಗುತ್ತದೆ, ಪಕ್ಕದಲ್ಲಿ ಕುರ್ಚಿಯೂ ಸಿಗುತ್ತದೆ. ನಿಮ್ಮ ಶಾಲೆಯ ಹುಡುಗನ ಅಪ್ಪ ಹೊರಗೆ ಪೇಪರ್ ಕಪ್ಪು ಹಿಡಿದು ನಿಂತಿರುವುದನ್ನು ಆ ಕುರ್ಚಿಯಲ್ಲಿ ಕೂತೇ ನೋಡುತ್ತೀರಿ. ಮಧ್ಯಾಹ್ನ ಅದೇ ಹುಡುಗನಿಗೆ 17ನೇ ವಿಧಿ ಪಾಠ ಮಾಡುತ್ತೀರಿ. ಹುಡುಗ ನಿಮ್ಮ ಪಾಠ ನಂಬಬೇಕೋ, ಅಪ್ಪನ ಕೈಯಲ್ಲಿರುವ ಕಪ್ಪನ್ನು ನಂಬಬೇಕೋ? ನೀವು ಭಾಷಣ ಮಾಡಬೇಕಿಲ್ಲ. "ಅವರಿಗೆ ಕೊಟ್ಟ ಕಪ್ಪಲ್ಲೇ ನನಗೂ ಕೊಡಿ, ಇಲ್ಲ ಅವರಿಗೂ ಲೋಟದಲ್ಲೇ ಕೊಡಿ" ಎಂದು ಒಂದು ಬೆಳಿಗ್ಗೆ ಗಟ್ಟಿಯಾಗಿ ಹೇಳಿ. ಬಿಸಿಯೂಟದ ಪಂಕ್ತಿಯಲ್ಲಿ ತಟ್ಟೆ ಬೇರೆಯಾದರೆ ಬರೆದಿಡಿ. ಅಡುಗೆಯಾಕೆ ನಮ್ಮ ಕೇರಿಯವಳೆಂದು ಯಾರಾದರೂ ಮಕ್ಕಳ ಟಿ.ಸಿ. ಕೇಳಿಕೊಂಡು ಬಂದರೆ, ಆಕೆ ಬಡಿಸಿದ್ದನ್ನು ಅವರ ಮುಂದೆಯೇ ಉಣ್ಣಿ.

ಹಾಸ್ಟೆಲಿನಲ್ಲಿರುವ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರೇ ಹೋಟೆಲಿಗೆ ಹೋಗಬೇಡಿ. ಹತ್ತು ಜನ ಹೋಗಿ. ಅವ್ವನನ್ನೂ ಕರೆದುಕೊಂಡು ಹೋಗಿ, ಹೋಟೆಲಿನೊಳಗೆ ಕಾಲಿಡದೆ ಮುದುಕಿಯಾದವಳು ಆಕೆ. ಬೆಂಚಿನ ಮೇಲೆ ಕೂತು ಲೋಟದಲ್ಲಿ ಟೀ ಕೇಳಿ. ಕುಡಿದ ಲೋಟವನ್ನು ಟೇಬಲ್ಲಿನ ಮೇಲೇ ಬಿಟ್ಟು, ಲೆಕ್ಕದ ದುಡ್ಡು ಕೊಟ್ಟು ಎದ್ದು ಬನ್ನಿ. ಕೊಡದಿದ್ದರೆ ದಿನ, ವೇಳೆ, ನೋಡಿದವರ ಹೆಸರು ಬರೆದುಕೊಂಡು ನೇರ ಠಾಣೆಗೆ ಹೋಗಿ. ದೂರು ತೆಗೆದುಕೊಳ್ಳದ ಅಧಿಕಾರಿಗೆ 1989ರ ಕಾಯ್ದೆಯ 4ನೇ ಕಲಮು ಓದಿ ಹೇಳಿ. ಕರ್ತವ್ಯ ಬೇಕೆಂದೇ ಮಾಡದ ಅಧಿಕಾರಿ ನಮ್ಮವನಲ್ಲದಿದ್ದರೆ ಅವನಿಗೂ 6 ತಿಂಗಳಿಂದ 1 ವರ್ಷ ಜೈಲು ಎಂದು ಅದರಲ್ಲಿ ಬರೆದಿದೆ.

ನಾವು ಯಾರ ಮನೆಯ ಅಡುಗೆಕೋಣೆಗೂ ನುಗ್ಗುತ್ತಿಲ್ಲ. ಬಿಟ್ಟಿ ಟೀ ಕೇಳುತ್ತಿಲ್ಲ. ಕೈಮುಗಿದು ಕರುಣೆಯನ್ನೂ ಬೇಡುತ್ತಿಲ್ಲ. ದುಡ್ಡು ಕೊಟ್ಟಿದ್ದೇವೆ. ಎಲ್ಲರಿಗೂ ಕೊಟ್ಟ ಲೋಟದಲ್ಲೇ ಕೊಡಿ, ಎಲ್ಲರೂ ಕೂತ ಬೆಂಚಿನಲ್ಲೇ ಕೊಡಿ. ಕುಡಿದಿಟ್ಟ ಲೋಟವನ್ನು, ಎಲ್ಲರ ಲೋಟ ತೊಳೆಯುವ ಹಾಗೆಯೇ ತೊಳೆದಿಡಿ.